ತಗಡಿನ ಚೊಣ್ಣ

ಬೈಲಹೊಂಗಲದ ಪೇಟೆಯಲ್ಲಿ ಮೂವತ್ತು ವರ್ಷ ಪ್ಯಾಂಟು ಹೊಲಿದವನು ನಾನು. ಅಂಗಿ ಮುಟ್ಟುವುದಿಲ್ಲ, ಜಂಪರು ಮುಟ್ಟುವುದಿಲ್ಲ. ಪ್ಯಾಂಟು, ಅಪರೂಪಕ್ಕೆ ಮದುವೆಯ ಕೋಟು, ಅಷ್ಟೇ. ಹೀಗಿರುವಾಗ ಒಂದು ಮಧ್ಯಾಹ್ನ ಒಬ್ಬರು ಅಂಗಡಿಯ ಹೊಸ್ತಿಲಲ್ಲಿ ನಿಂತು, ಗೋಡೆಯ ಮೊಳೆಗೆ ತೂಗುಹಾಕಿದ್ದ ಖಾಕಿ ಕಾಗದದ ಪ್ಯಾಂಟಿನ ಅಚ್ಚನ್ನೇ ಬಹಳ ಹೊತ್ತು ನೋಡಿ, “ಟೇಲರ್ರ, ಇದನ್ನ ತಗಡಿನ್ಯಾಗ ಕತ್ತರಿಸಿ ಕೊಡ್ತೀರೇನ್ರಿ?” ಎಂದು ಕೇಳಿದರು.

ನನಗೆ ಸಿಟ್ಟು ಬೇಗ ಬರುತ್ತದೆ. ಊಟಕ್ಕೆ ಮುಂಚೆಯಂತೂ ಇನ್ನೂ ಬೇಗ. “ತಗಡಿನ ಚೊಣ್ಣ ಯಾರಿಗ್ರಿ, ನಿಮಗೇನು?” ಎಂದೆ.

ಅವರು ಜೋರಾಗಿ ನಕ್ಕರು. “ನನಗಲ್ರಿ, ನನ್ನ ವಿಮಾನಕ್ಕ.”

ಇವರು ಸಂಗೊಳ್ಳಿಯವರು. ವಾಯುಪಡೆಯಲ್ಲಿ ವಿಮಾನಗಳ ಹೊಟ್ಟೆಯ ಕೆಳಗೆ ಮಲಗಿ ಇಪ್ಪತ್ತು ವರ್ಷ ರಿಪೇರಿ ಮಾಡಿ, ಪಿಂಚಣಿ ತೆಗೆದುಕೊಂಡು ಊರಿಗೆ ಮರಳಿದ್ದರು. ಹೆಂಡತಿ ತೀರಿಕೊಂಡಿದ್ದರು, ಮಗಳು ಸುರೇಬಾನದಲ್ಲಿ ಗಂಡನ ಮನೆಯಲ್ಲಿದ್ದಳು. ಊರಿನವರು ಅವರನ್ನು ಮಿಲ್ಟ್ರಿ ಸಾಹೇಬರು ಎನ್ನುತ್ತಿದ್ದರು, ನಾನೂ ಸಾಹೇಬರು ಎಂದೇ ಕರೆದೆ. ಅವರು ಮನೆಯಲ್ಲಿ ಕುಳಿತು ಒಂದು ಮಾದರಿ ವಿಮಾನ ಕಟ್ಟುತ್ತಿದ್ದರು. ಮಕ್ಕಳ ಆಟಿಕೆಯಲ್ಲ. ನಾನು ಬಟ್ಟೆ ಕತ್ತರಿಸುವ ಮೇಜಿನಷ್ಟು ಉದ್ದ, ಕೈಯಲ್ಲಿ ರಿಮೋಟು ಹಿಡಿದು ಹಾರಿಸುವಂಥದು. ಒಳಗೆ ನಿಜವಾದ ಜೆಟ್ ಇಂಜಿನ್ನು, ಚಹಾಪುಡಿಯ ದೊಡ್ಡ ಡಬ್ಬಿಯಷ್ಟು ಗಾತ್ರದ್ದು, ಸೀಮೆಎಣ್ಣೆಯಲ್ಲಿ ಉರಿಯುತ್ತಿತ್ತು.

ಅವರು ಕಟ್ಟುತ್ತಿದ್ದದ್ದು ಹಳೆಯ ಕಾಲದ ಒಂದು ಯುದ್ಧವಿಮಾನದ ನಕಲು. ತರಬೇತಿಗೆ ಸೇರಿದ ದಿನ ಗೇಟಿನ ಹತ್ತಿರ ಕಂಬದ ಮೇಲೆ ಅಂಥದೊಂದನ್ನು ನಿಲ್ಲಿಸಿದ್ದರಂತೆ. ಅದು ಅವರ ತಲೆಯಿಂದ ಇಳಿದೇ ಇರಲಿಲ್ಲ. ಅದರಲ್ಲಿ ಇಂಜಿನ್ನು ಒಂದೇ, ಉರಿಗಾಳಿ ಹೊರಗೆ ಬರುವ ಬಾಯಿ ಮಾತ್ರ ಎರಡು, ರೆಕ್ಕೆಯ ಬುಡದಲ್ಲಿ ಎಡಕ್ಕೊಂದು ಬಲಕ್ಕೊಂದು. ಅಂದರೆ ಇಂಜಿನ್ನಿನ ಹಿಂದಿನ ಪೈಪು ನಡುವೆ ಕವಲೊಡೆದು ಎರಡಾಗಬೇಕು. ಸೊಂಟ ಒಂದು, ಕಾಲು ಎರಡು. ಪರದೇಶದಲ್ಲಿ ಇಂಥ ಪೈಪು ಸಿಗುತ್ತವೆ, ಆದರೆ ಬೇರೆ ವಿಮಾನದ ಅಳತೆಗೆ ಮಾಡಿದವು.

“ರೆಡಿಮೇಡ್ ಹೊಂದಂಗಿಲ್ರಿ ಇದಕ್ಕ. ಅಳತಿ ಕೊಟ್ಟ ಹೊಲಸಬೇಕು” ಎಂದರು ಸಾಹೇಬರು.

ನಮ್ಮ ಓಣಿಯಲ್ಲಿ ಆಗಲೇ ಎಂಟು ರೆಡಿಮೇಡ್ ಅಂಗಡಿ ಬಂದಿದ್ದವು. ಅಳತೆ ಕೊಟ್ಟು ಹೊಲಿಸಬೇಕು ಎಂಬ ಮಾತನ್ನು ಯಾರ ಬಾಯಿಂದಲಾದರೂ ಕೇಳಿ ಎಷ್ಟೋ ದಿನವಾಗಿತ್ತು. ಆ ಮಾತಿಗೇ ನಾನು ಕರಗಿಹೋದೆ.

ನಾನು ಒಂಟಿ ಮನುಷ್ಯ, ಮಲಗುವುದೂ ಅಂಗಡಿಯಲ್ಲೇ. ಮದುವೆಯಾಗಲಿಲ್ಲ. ಊರಿನ ಮದುಮಕ್ಕಳಿಗೆಲ್ಲ ಕೋಟು ಹೊಲಿಯುತ್ತ ಹೊಲಿಯುತ್ತ ನನ್ನ ಸರದಿ ದಾಟಿಹೋಯಿತು ಎಂದು ಕೇಳಿದವರಿಗೆ ಚೇಷ್ಟೆ ಮಾಡುತ್ತೇನೆ. ನಿಜ ಹೇಳಬೇಕೆಂದರೆ ಯಾರೂ ಗಟ್ಟಿಯಾಗಿ ಕೇಳಲಿಲ್ಲ, ನಾನೂ ಯಾರನ್ನೂ ಕೇಳಲಿಲ್ಲ. ಎರಡು ಹೊತ್ತು ಖಾನಾವಳಿಯ ರೊಟ್ಟಿ. ಅಲ್ಲಿಯೂ ಗೋಡೆಯ ಕಡೆ ಮುಖ ಮಾಡಿ ಕೂಡುತ್ತೇನೆ. ಇನ್ನೊಬ್ಬ ಮನುಷ್ಯನ ಹತ್ತಿರ ಹೋಗುವುದು ಅಳತೆ ತೆಗೆಯುವಾಗ ಮಾತ್ರ. ಸೊಂಟಕ್ಕೆ ಟೇಪು ಸುತ್ತಿ, ಸಂಖ್ಯೆ ಬರೆದುಕೊಂಡು, ಮತ್ತೆ ದೂರ ಸರಿದುಬಿಡುತ್ತೇನೆ. ಪೇಟೆ ಮುಚ್ಚುವ ರವಿವಾರವೆಂದರೆ ನನಗೆ ಆಗದು. ಬೆಳಿಗ್ಗೆ ಎದ್ದರೆ ಮಾತನಾಡಿಸಲು ಗೋಡೆಯ ಮೇಲಿನ ಹಲ್ಲಿಯ ಹೊರತು ಯಾರೂ ಇರುತ್ತಿರಲಿಲ್ಲ.

ಸಾಹೇಬರು ಬಂದ ಮೇಲೆ ರವಿವಾರ ಬದಲಾಯಿತು. ಬೆಳಿಗ್ಗೆ ಬೈಕಿನಲ್ಲಿ ಬಂದು ಅಂಗಡಿಯ ಅರ್ಧ ಶಟರು ಎತ್ತಿ ಒಳಗೆ ಬಗ್ಗಿ, “ಎದ್ದೀರೇನ್ರಿ ಟೇಲರ್ರ?” ಎನ್ನುತ್ತಿದ್ದರು. ಶನಿವಾರ ಸಂಜೆಯೇ ನಾನು ಮೇಜು ಒರೆಸಿ, ಕತ್ತರಿ ಸಾಣೆ ಹಿಡಿಸಿ ಇಟ್ಟಿರುತ್ತಿದ್ದೆ. ಅವರು ಮಾತು ಕಡಿಮೆ ಆಡುತ್ತಿದ್ದರು, ನಾನು ಇನ್ನೂ ಕಡಿಮೆ. ಆದರೂ ಸಂಜೆ ಅವರು ಹೋದ ಮೇಲೆ ಬಹಳ ಮಾತಾಡಿದಂತೆ ಗಂಟಲು ಒಣಗಿರುತ್ತಿತ್ತು.

ಮೊದಲು ಕಾಗದದಲ್ಲಿ ಕತ್ತರಿಸಿದೆವು. ಬಟ್ಟೆ ಹೇಳಿದ ಹಾಗೆ ಕೇಳುತ್ತದೆ, ಅಡ್ಡ ಎಳೆಯಲ್ಲಿ ಸ್ವಲ್ಪ ಹಿಗ್ಗುತ್ತದೆ. ತಗಡು ಹಾಗಲ್ಲ, ತಪ್ಪು ಮಾಡಿದರೆ ಕೈ ಕೊಯ್ಯುತ್ತದೆ. ಬಾಗಿದ ಕಾಲು ಬೇಕಾದರೆ ಸಣ್ಣ ಸಣ್ಣ ಓರೆ ಪಟ್ಟಿಗಳನ್ನು ಒಂದಕ್ಕೊಂದು ಜೋಡಿಸಬೇಕು. ಇಂಜಿನ್ನಿನ ಬಾಯಿಗೂ ಪೈಪಿನ ಬಾಯಿಗೂ ನಡುವೆ ಒಂದು ಬೆರಳಿನಷ್ಟು ತೆರವು ಬಿಡಬೇಕು, ಅಲ್ಲಿಂದ ತಂಪುಗಾಳಿ ಒಳಗೆ ಎಳೆದುಕೊಂಡರೆ ವಿಮಾನದ ಮೈ ಸುಡುವುದಿಲ್ಲ ಎಂದು ಸಾಹೇಬರು ಹೇಳಿಕೊಟ್ಟರು. ಅದಕ್ಕೆ ಪೈಪಿನ ಬಾಯಿ ಹೊರಕ್ಕೆ ಅರಳಿರಬೇಕು. “ಬೆಲ್ ಬಾಟಮ್ ತಲಿಕೆಳಗ ಮಾಡಿದ್ಹಂಗ” ಎಂದೆ. “ಬರೋಬರಿ!” ಎಂದು ಮೇಜು ಕುಟ್ಟಿದರು. ಕವಲಿನಲ್ಲಿ ಗಾಳಿಯನ್ನು ಸೀಳುವ ಅಂಚು ಹರಿತವಾಗಿದ್ದರೆ ಸುಟ್ಟು ನಡುಗುತ್ತದೆ ಎಂದಾಗ ನಾನು ಅದನ್ನು ಕಾಲರಿನ ಅಂಚಿನ ಹಾಗೆ ಒಳಮಡಚಿ ದುಂಡಗೆ ಮಾಡಿದೆ. ಬೆಸುಗೆ ಅವರದು. ಹಳೆಯ ಟ್ರಾನ್ಸ್‌ಫಾರ್ಮರಿನಿಂದ ತಾವೇ ಒಂದು ಯಂತ್ರ ಮಾಡಿಕೊಂಡಿದ್ದರು. ಹೊಲಿಗೆ ಹಾಕಿದ ಹಾಗೆ ಸಾಲಾಗಿ ಚುಕ್ಕಿ ಚುಕ್ಕಿ ಬೆಸೆಯುತ್ತಿದ್ದರು.

ಮೊದಲ ಪೈಪು ಸಂಗೊಳ್ಳಿಯ ಅವರ ಹಿತ್ತಲಲ್ಲಿ ಇಂಜಿನ್ನು ಉರಿಸಿ ನೋಡಿದಾಗ ಸೊಟ್ಟಗಾಯಿತು. ಕಾವಿಗೆ ಪೈಪು ಉದ್ದವಾಗುತ್ತದೆ, ನಾವು ಮುಂದೆಯೂ ಹಿಂದೆಯೂ ಸ್ಕ್ರೂ ಬಿಗಿದಿದ್ದೆವು, ಅದಕ್ಕೆ ಹೋಗಲು ಜಾಗವೇ ಇರಲಿಲ್ಲ. ಸಾಹೇಬರು ತಲೆ ಕೆರೆದುಕೊಳ್ಳುತ್ತ ನಿಂತರು. ಆಗ ನನಗೆ ಹೊಳೆಯಿತು. ಕೋಟಿನ ಒಳಗಿನ ಅಸ್ತರು ಬಟ್ಟೆಯನ್ನು ನಾವು ಮೇಲೆ ಮಾತ್ರ ಹೊಲಿಯುತ್ತೇವೆ, ಕೆಳಗೆ ಸಡಿಲ ಬಿಡುತ್ತೇವೆ, ಇಲ್ಲವಾದರೆ ಒಗೆದಾಗ ಕೋಟು ಮುದುಡುತ್ತದೆ. “ಮುಂದ ಅಷ್ಟ ಬಿಗೀರಿ, ಹಿಂದ ಸುಮ್ನ ಒಂದು ಬಳಿಯೊಳಗ ಕೂಡಸ್ರಿ. ಬೇಕಾದಷ್ಟು ಉದ್ದ ಆಗ್ಲಿ ಅದು” ಎಂದೆ. ಹಾಗೇ ಮಾಡಿದೆವು. ಎರಡನೆಯ ಪೈಪು ಕೆಂಪಗೆ ಕಾದು, ತಣ್ಣಗಾಗಿ, ಇದ್ದ ಹಾಗೇ ಇತ್ತು.

ಅಂದು ಸಾಹೇಬರು ನನ್ನ ಹೆಗಲ ಮೇಲೆ ಕೈ ಇಟ್ಟು, “ವಾಯುಪಡಿಯೊಳಗ ಇರಬೇಕಿತ್ರಿ ನೀವು” ಎಂದರು. ಐವತ್ತು ದಾಟಿದ ಮನುಷ್ಯ ಹೊಗಳಿಕೆಗೆ ಇಷ್ಟು ಹಿಗ್ಗಬಾರದು. ನಾನು ಹಿಗ್ಗಿದೆ. ವಾರವಿಡೀ ಗಿರಾಕಿಗಳ ಜೊತೆ ಸಿಟ್ಟು ಮಾಡಲಿಲ್ಲ.

ಹಾರಿಸುವ ಮುಂಚೆ ಪರೀಕ್ಷೆ ಮಾಡಿದೆವು. ಪೈಪಿನ ಎರಡು ಕಾಲಿನ ತುದಿಗಳನ್ನು ಅಳೆದೆವು, ಒಂದು ಕೂದಲಿನಷ್ಟೂ ವ್ಯತ್ಯಾಸವಿರಲಿಲ್ಲ. ವಿಮಾನದ ಬಾಲಕ್ಕೆ ಸ್ಪ್ರಿಂಗ್ ತಕ್ಕಡಿ ಕಟ್ಟಿ ಎಷ್ಟು ಜೋರಾಗಿ ಮುಂದಕ್ಕೆ ಎಳೆಯುತ್ತದೆ ಎಂದು ನೋಡಿದೆವು, ಬೇಕಾದಷ್ಟು ಎಳೆಯಿತು. ಎಡದ ಬಾಯಿ ಎಷ್ಟು ನೂಕುತ್ತದೆ, ಬಲದ ಬಾಯಿ ಎಷ್ಟು ನೂಕುತ್ತದೆ ಎಂದು ಬೇರೆ ಬೇರೆ ನೋಡಲಿಲ್ಲ. ಇಬ್ಬರಿಗೂ ಅದು ಹೊಳೆಯಲಿಲ್ಲ.

ಕಿತ್ತೂರು ರಸ್ತೆಯ ಬದಿ ಒಳಗಡೆ ಒಂದು ಲೇಔಟ್ ಇದೆ. ಡಾಂಬರು ಹಾಕಿ, ಪ್ಲಾಟಿನ ಕಲ್ಲು ನೆಟ್ಟು, ಒಂದೂ ಮನೆ ಏಳದೆ ಹಾಗೇ ಬಿದ್ದಿದೆ. ಅದರ ಮುಖ್ಯ ರಸ್ತೆ ನೆಟ್ಟಗೆ, ಒಳ್ಳೆಯ ಉದ್ದ. ಮಾಲೀಕರನ್ನು ಕೇಳಿ, ಠಾಣೆಗೂ ತಿಳಿಸಿ, ಒಂದು ರವಿವಾರ ಬೆಳಿಗ್ಗೆ ನಾವಿಬ್ಬರೇ ಅಲ್ಲಿಗೆ ಹೋದೆವು. ಕಸಬರಿಗೆಯಿಂದ ರಸ್ತೆಯ ಹರಳೆಲ್ಲ ಗುಡಿಸಿದೆ. ಸಾಹೇಬರು ಹಿಂದಿನ ವರ್ಷ ಒಂದು ಕಣ್ಣಿಗೆ ಪೊರೆ ತೆಗೆಸಿಕೊಂಡಿದ್ದರು. ಬಿಸಿಲಿನ ಕನ್ನಡಕ ಹಾಕಿ, ಟೋಪಿ ಸರಿಮಾಡಿಕೊಂಡು, ರಿಮೋಟನ್ನು ಎದೆಗೆ ಹಿಡಿದು ನಿಂತರು.

ಇಂಜಿನ್ನು ಕೂಗಿತು. ವಿಮಾನ ರಸ್ತೆಯ ಮೇಲೆ ನೆಟ್ಟಗೆ ಓಡಿತು, ಮುಂದಿನ ಗಾಲಿ ಅದನ್ನು ಹಿಡಿದಿತ್ತು. ಗಾಲಿ ನೆಲ ಬಿಟ್ಟ ಕೂಡಲೇ ಮೂತಿ ಬಲಕ್ಕೆ ಹೊರಳಿತು. ಬಲಗಡೆಯ ರೆಕ್ಕೆ ಕೆಳಗಾಯಿತು. ನಾನು “ಎಡಕ್ಕ, ಎಡಕ್ಕ” ಎಂದು ಕೂಗುವಷ್ಟರಲ್ಲಿ ಅದು ಕಡಲೆ ಕಿತ್ತ ಎರೆಹೊಲದಲ್ಲಿ ಬಿದ್ದು ಉರಿಯತೊಡಗಿತ್ತು. ಮಣ್ಣು ಎರಚಿ ಆರಿಸಿದೆವು. ಸಾಹೇಬರು ಮೂರು ವರ್ಷ ಕಟ್ಟಿದ್ದು, ಅರ್ಧ ನಿಮಿಷವೂ ಹಾರಲಿಲ್ಲ.

ಅವರು ಹೊಲದ ಬದುವಿನ ಮೇಲೆ ಕುಳಿತು, ರಿಮೋಟಿನ ಕಡ್ಡಿ ತಿರುಗಿಸಿದ ತಮ್ಮ ಹೆಬ್ಬೆರಳನ್ನೇ ನೋಡುತ್ತಿದ್ದರು. “ಎಡಕ್ಕ ಕೊಟ್ನಿರಿ ನಾ. ಕೊಟ್ನಿ ಅಂದ್ಕೊಂಡ್ನೋ ಏನೋ. ಕಣ್ಣು ಹ್ವಾದ್ವು ಟೇಲರ್ರ. ಕೈನೂ ಹ್ವಾತು.”

“ಹಂಗೇನಿಲ್ರಿ ಸಾಹೇಬ್ರ, ಗಾಳಿ ಬೀಸಿರಬೇಕು” ಎಂದೆ.

“ಎಲ್ಲಿ ಗಾಳಿರಿ?” ಎಂದರು. ಒಂದು ಹುಲ್ಲೂ ಅಲ್ಲಾಡುತ್ತಿರಲಿಲ್ಲ.

ಸುಟ್ಟ ಚೂರುಗಳನ್ನು ಚೀಲಕ್ಕೆ ತುಂಬಿದೆವು. ಪೈಪೊಂದು ಮಾತ್ರ ಚೆನ್ನಾಗಿ ಉಳಿದಿತ್ತು. “ಇದನ್ನ ನೀವ ಇಟಗೊಳ್ರಿ. ನಿಮ್ಮ ಕೆಲಸ ಚೊಲೊ ಇತ್ತು” ಎಂದು ನನ್ನ ಕೈಗೆ ಕೊಟ್ಟರು.

ಮುಂದಿನ ರವಿವಾರ ಅವರು ಬರಲಿಲ್ಲ. ಮಾಡಲು ಏನೂ ಇಲ್ಲದೆ ನಾನು ಪೈಪನ್ನು ಮೇಜಿನ ಮೇಲಿಟ್ಟು ಕುಳಿತೆ. ಕೈ ಸುಮ್ಮನಿರದೆ ಕೊರಳಿನ ಟೇಪು ತೆಗೆದು, ತುದಿಯಲ್ಲಲ್ಲ, ಕವಲಿನ ಬುಡದಲ್ಲಿ, ಎರಡು ಕಾಲು ಸೊಂಟಕ್ಕೆ ಕೂಡುವ ಜಾಗದಲ್ಲಿ ಸುತ್ತಿ ನೋಡಿದೆ. ಎಡಗಾಲು ಬಲಗಾಲಿಗಿಂತ ಟೇಪಿನ ಎರಡು ಗೆರೆ ದಪ್ಪ ಇತ್ತು. ಮತ್ತೆ ಸುತ್ತಿದೆ. ಎರಡೇ ಗೆರೆ.

ಗೋಡೆಗೆ ತೂಗುಹಾಕಿದ್ದ ಪೈಪಿನ ಕಾಗದದ ಅಚ್ಚನ್ನು ತೆಗೆದು ನೋಡಿದ ಮೇಲೆ ಅನುಮಾನವೇ ಉಳಿಯಲಿಲ್ಲ. ಕಾಗದವನ್ನು ನಡುವೆ ಮಡಚಿ ಎರಡೂ ಕಾಲು ಒಟ್ಟಿಗೆ ಕತ್ತರಿಸಿದ್ದೆ, ಅಲ್ಲಿಯವರೆಗೆ ಸರಿ. ಆಮೇಲೆ ಬಿಡಿಸಿ, ಬಲಗಡೆಯ ಕವಲಿನಲ್ಲಿ ಕತ್ತರಿಯಿಂದ ಒಂದು ಕಚ್ಚು ತೆಗೆದಿದ್ದೆ. ಪ್ಯಾಂಟು ಕತ್ತರಿಸುವವರೆಲ್ಲ ಇದನ್ನು ಮಾಡುತ್ತೇವೆ. ಎಡಗಡೆ ಸ್ವಲ್ಪ ಹೆಚ್ಚು ಜಾಗ ಬೇಕು. ಯಾಕೆ ಎಂಬುದನ್ನು ಗಂಡಸರಿಗೆ ಹೇಳಬೇಕಾಗಿಲ್ಲ, ಹೆಂಗಸರಿಗೆ ನಾವು ಹೇಳುವುದಿಲ್ಲ. ಅಪ್ಪ ನನಗೆ ಕಲಿಸಿದ ಮೊದಲ ಗುಟ್ಟು ಅದು. ಸಾವಿರಾರು ಪ್ಯಾಂಟಿನಲ್ಲಿ ಆ ಕಚ್ಚು ತೆಗೆದ ಕೈ, ತಗಡಿನ ಪೈಪಿಗೆ ಗಂಡಸುತನ ಇಲ್ಲ ಎಂದು ನೆನಪಿಸಿಕೊಳ್ಳದೆ ಇಲ್ಲಿಯೂ ತೆಗೆದುಬಿಟ್ಟಿತ್ತು. ತುದಿಗಳನ್ನು ಮಾತ್ರ ಸಮ ಮಾಡಿದ್ದೆ, ಗಿರಾಕಿ ನೋಡುವುದು ಅದನ್ನೇ. ಉರಿಗಾಳಿ ಎಡಗಾಲಿಗೆ ಹೆಚ್ಚು ನುಗ್ಗಿತು, ಎಡಗಡೆ ಹೆಚ್ಚು ನೂಕಿತು, ಮೂತಿ ಬಲಕ್ಕೆ ತಿರುಗಿತು. ಸಾಹೇಬರ ಕಣ್ಣಿನದೂ ತಪ್ಪಲ್ಲ, ಬೆರಳಿನದೂ ಅಲ್ಲ.

ಆವತ್ತೇ ಸಂಗೊಳ್ಳಿಯ ಬಸ್ಸು ಹತ್ತಬೇಕಿತ್ತು. ಅರ್ಧ ತಾಸಿನ ದಾರಿ. ಹತ್ತಲಿಲ್ಲ.

ಒಂದು, ನನ್ನ ಸೊಕ್ಕು. ನಾನು ಹೊಲಿದ ಪ್ಯಾಂಟು ತಿರುಗಿ ಬಂದದ್ದಿಲ್ಲ ಎಂದು ಓಣಿಯಲ್ಲೆಲ್ಲ ಹೇಳಿಕೊಂಡು ತಿರುಗಿದವನು. ಇನ್ನೊಂದು, ಇದೇ ದೊಡ್ಡದು, ಹೆದರಿಕೆ. ನನಗೆ ಇರುವವರು ಅವರೊಬ್ಬರೇ. ಅವರ ಮೂರು ವರ್ಷದ ಕೆಲಸವನ್ನು ಸುಟ್ಟವನು ನಾನು ಎಂದು ಗೊತ್ತಾದರೆ ಅವರು ಇನ್ನು ನನ್ನ ಶಟರು ಎತ್ತುವುದಿಲ್ಲ ಎಂದುಕೊಂಡೆ. ಮುಂದಿನ ವಾರ ಹೇಳಿದರಾಯಿತು, ಅವರ ಮನಸ್ಸು ತಿಳಿಯಾಗಲಿ ಎಂದೆ. ಮುಂದಿನ ವಾರವೂ ಅವರು ಬರಲಿಲ್ಲ. ಫೋನು ಮಾಡಿದರೆ, “ಇನ್ನ ಅದೆಲ್ಲಾ ಸಾಕ್ರಿ ಟೇಲರ್ರ, ಕಣ್ಣ ಕೆಲಸ ಕೊಡವಲ್ವು” ಎಂದರು. ಆಗಲೂ ಬಾಯಿ ತೆರೆಯಲಿಲ್ಲ. “ಆರಾಮ ತಗೊಳ್ರಿ” ಎಂದೆ. ಹೇಳಿದರೆ ಬರುವುದು ನಿಲ್ಲಿಸುತ್ತಾರೆ ಎಂದು ಹೇಳಲಿಲ್ಲ, ಹೇಳದೆ ಇದ್ದದ್ದಕ್ಕೇ ಬರುವುದು ನಿಂತಿತು.

ಆ ತಿಂಗಳುಗಳು ಹಿಂದಿನ ಒಂಟಿತನದ ಹಾಗಿರಲಿಲ್ಲ. ಮೊದಲು ಯಾರೂ ಇಲ್ಲದ್ದು ಅಭ್ಯಾಸವಾಗಿತ್ತು. ಈಗ ಒಬ್ಬರು ಇಲ್ಲ ಎಂಬುದು ದಿನಾ ಗೊತ್ತಾಗುತ್ತಿತ್ತು. ರವಿವಾರ ಬೆಳಿಗ್ಗೆ ಓಣಿಯಲ್ಲಿ ಯಾವ ಬೈಕು ನಿಂತರೂ ಕಿವಿ ಅತ್ತ ಹೋಗುತ್ತಿತ್ತು. ಹೊಸ ಅಚ್ಚು ಕತ್ತರಿಸಿದೆ, ಈ ಸಲ ಎರಡೂ ಕಾಲು ಸರಿಸಮ. ತೋರಿಸಲು ಯಾರೂ ಇರಲಿಲ್ಲ. ಖಾನಾವಳಿಯಲ್ಲಿ ಬಡಿಸುವವಳು ಒಮ್ಮೆ, “ಯಾಕ್ರಿ ಮಾಮಾ, ಆರಾಮಿಲ್ಲೇನ್ರಿ?” ಎಂದು ಕೇಳಿದ್ದಕ್ಕೆ ಆಕೆಯ ಮೇಲೆಯೇ ರೇಗಿದೆ.

ಎಂಟು ತಿಂಗಳಾದ ಮೇಲೆ ಸಂಗೊಳ್ಳಿಯ ಒಬ್ಬ ಗಿರಾಕಿ ಪ್ಯಾಂಟಿನ ಸೊಂಟ ಬಿಡಿಸಿಕೊಳ್ಳಲು ಬಂದ. ಮಿಲ್ಟ್ರಿ ಸಾಹೇಬರು ಹೇಗಿದ್ದಾರೆ ಎಂದು ಏನೂ ಅರಿಯದವನ ಹಾಗೆ ಕೇಳಿದೆ. “ಅವ್ರು ಈಗ ಊರಾಗ ಎಲ್ಲದಾರ್ರಿ? ಮಗಳ ಕಡೆ ಹೋಗ್ಯಾರ, ಸುರೇಬಾನಕ್ಕ. ಬೈಕ ಸೈತ ಮಾರಿದ್ರು. ರಸ್ತಾ ದಾಟಬೇಕಾದ್ರೂ ಯಾರದರ ಕೈ ಹಿಡೀತಾರಂತ. ಡಾಕ್ಟರ್ರು ಕಣ್ಣ ಬರೋಬರಿ ಅದಾವ ಅಂದ್ರ ಇವ್ರು ನಂಬಂಗಿಲ್ರಿ. ತಮ್ಮ ವಿಮಾನ ಬಿದ್ದದ್ದ ಹೇಳ್ತಾರ” ಎಂದ.

ಬೈಕು ಮಾರಿದ್ದು ಕೇಳಿ ನನಗೆ ಕುಳಿತಲ್ಲಿ ಕೂರಲಾಗಲಿಲ್ಲ. ಮರುದಿನ ಅಂಗಡಿ ತೆಗೆಯದೆ, ಪೈಪನ್ನೂ ಹಳೆಯ ಅಚ್ಚನ್ನೂ ಬಟ್ಟೆಯ ಚೀಲದಲ್ಲಿಟ್ಟುಕೊಂಡು ಸವದತ್ತಿಗೆ ಹೋಗಿ, ಅಲ್ಲಿಂದ ರಾಮದುರ್ಗದ ಬಸ್ಸು ಹಿಡಿದೆ. ಕಂಡಕ್ಟರ್ ಚೀಲದಲ್ಲಿ ಬಗ್ಗಿ ನೋಡಿ, “ಏನ್ರಿ ಇದು, ಸೈಲೆನ್ಸರ?” ಎಂದ. ಹೌದು ಎಂದೆ. ದಾರಿಯುದ್ದಕ್ಕೂ ಹೇಳಬೇಕಾದ ಮಾತನ್ನು ಮನಸ್ಸಿನಲ್ಲೇ ಹೊಲಿದು ಬಿಚ್ಚಿ, ಬಿಚ್ಚಿ ಹೊಲಿದೆ. ರಾಮದುರ್ಗದಲ್ಲಿ ಬಸ್ಸು ಬದಲಿಸಿ ಸುರೇಬಾನಕ್ಕೆ ಮುಟ್ಟುವಾಗ ಹನ್ನೆರಡಾಗಿತ್ತು.

ಮಗಳ ಮನೆ ರಸ್ತೆಗಿಂತ ಎತ್ತರದಲ್ಲಿತ್ತು, ಐದು ಕಲ್ಲಿನ ಪಾವಟಿಗೆ ಹತ್ತಿದರೆ ಕಟ್ಟೆ. ಸಾಹೇಬರು ಕಟ್ಟೆಯ ಮೇಲೆ ಕುಳಿತಿದ್ದರು, ಪಕ್ಕದಲ್ಲಿ ವರ್ಷ ತುಂಬಿರಬಹುದಾದ ಮೊಮ್ಮಗಳು ಚಮಚ ಕುಟ್ಟಿ ಆಡುತ್ತಿತ್ತು. ನನ್ನನ್ನು ನೋಡಿದ್ದೇ ಅವರ ಮುಖ ಅರಳಿತು. “ಬರ್ರಿ ಟೇಲರ್ರ, ಬರ್ರಿ! ಕುಂದರ್ರಿ!” ಒಳಗೆ ತಿರುಗಿ, “ಚಾ ಇಡವಾ, ನನ್ನ ದೋಸ್ತ ಬಂದಾನ” ಎಂದು ಕೂಗಿದರು. ಯಾರೂ ನನ್ನನ್ನು ದೋಸ್ತ ಎಂದಿರಲಿಲ್ಲ. ಆ ಮಾತು ಕೇಳಿ, ಈಗಲೇ ಎದ್ದು ಹೋಗಿಬಿಡಲೇ ಎನ್ನಿಸಿತು.

ಮಾತು ನೆನಪಾಗಲಿಲ್ಲ. ಚೀಲದಿಂದ ಪೈಪು ತೆಗೆದು ಅವರ ತೊಡೆಯ ಮೇಲಿಟ್ಟೆ. ಕೊರಳಿನ ಟೇಪು ಕೊಟ್ಟು, “ಕವಲಿನ ಬುಡಕ್ಕ ಸುತ್ತಿ ನೋಡ್ರಿ. ಎರಡೂ ಕಾಲು” ಎಂದೆ. ಸುತ್ತಿದರು. ಗೆರೆಗಳನ್ನು ಕಣ್ಣಿನ ಹತ್ತಿರ ಹಿಡಿದು ಎಣಿಸಿದರು. ಮತ್ತೆ ಸುತ್ತಿದರು. ಹಳೆಯ ಅಚ್ಚನ್ನು ಬಿಡಿಸಿ, ಬಲಗಡೆಯ ಕಚ್ಚನ್ನು ತೋರಿಸಿ, ಯಾಕೆ ಬಂತು ಎಂದೂ ಹೇಳಿದೆ. ಇಪ್ಪತ್ತು ವರ್ಷ ಈ ಕೆಲಸ ಮಾಡಿದವರು, ಹೆಚ್ಚು ಬಿಡಿಸಿ ಹೇಳಬೇಕಾಗಲಿಲ್ಲ.

“ಹಂಗಾದ್ರ ನನ್ನ ಕಣ್ಣು…” ಎಂದರು.

“ಬರೋಬರಿ ಅದಾವ್ರಿ. ಕೈನೂ ಬರೋಬರಿ ಐತಿ. ನೀವು ಎಡಕ್ಕ ಕೊಟ್ಟಿದ್ರಿ. ತಪ್ಪು ನಂದು.”

ಪೈಪನ್ನು ತಿರುಗಿಸಿ ತಿರುಗಿಸಿ ನೋಡಿದರು. ತುಟಿಯಲ್ಲಿ ಒಂದು ಸಣ್ಣ ನಗೆಯೂ ಬಂತು. ಬೈಯುವುದಿಲ್ಲ, ಚೇಷ್ಟೆ ಮಾಡುತ್ತಾರೆ ಎಂದು ನನ್ನ ಎದೆ ಹಗುರವಾಗತೊಡಗಿತು. ಆಗ ಕೇಳಿದರು, “ಯಾವಾಗ ಗೊತ್ತಾತ್ರಿ ನಿಮಗ?”

ನಿನ್ನೆ ಎನ್ನಬಹುದಿತ್ತು. ನಾಲಿಗೆಯ ತುದಿಗೆ ಬಂದಿತ್ತು. “ಬಿದ್ದ ಮುಂದಿನ ರವಿವಾರ” ಎಂದೆ.

ನಗೆ ಹೋಯಿತು. ಪೈಪನ್ನು ಕಟ್ಟೆಯ ಮೇಲೆ ನನ್ನ ಕಡೆ ಸರಿಸಿದರು. ಟೇಪನ್ನು ಸುರುಳಿ ಸುತ್ತಿ ಅದರ ಮೇಲಿಟ್ಟರು. “ಚೊಣ್ಣ ತಪ್ಪಿದ್ದಕ್ಕ ನನಗ ಸಿಟ್ಟಿಲ್ರಿ ಟೇಲರ್ರ, ಕೆಲಸದಾಗ ತಪ್ಪತೈತಿ. ವಿಮಾನ ಬಿದ್ದಾಗಿಂದ ಈ ಕೂಸನ್ನ ಎತಗೊಂಡು ಈ ಐದು ಪಾವಟಿಗಿ ನಾ ಇಳದಿಲ್ಲ. ಎಲ್ಲಿ ಕೈ ಬಿಟ್ಟೇನೋ ಅಂತ ಅಂಜೀನಿ. ಅದು ಅತ್ರೂ ಎತ್ತಿಲ್ಲ. ಎಂಟು ತಿಂಗಳ” ಎಂದರು. ದನಿ ಏರಿಸಲಿಲ್ಲ.

ತಪ್ಪಾಯಿತು ಎಂದೆ, ಅದು ಅವರಿಗೆ ಕೇಳಿಸಿತೋ ಇಲ್ಲವೋ.

ಅವರು ಎದ್ದರು. ಮೊಮ್ಮಗಳ ಕೈಯಿಂದ ಚಮಚ ಬಿಡಿಸಿ ಕೆಳಗಿಟ್ಟು, ಎತ್ತಿ ಹೆಗಲಿಗೆ ಹಾಕಿಕೊಂಡರು. ಗೋಡೆ ಹಿಡಿಯದೆ, ನೆಲ ನೋಡದೆ, ಐದೂ ಪಾವಟಿಗೆ ಇಳಿದರು. ಕೂಸು ಅವರ ಭುಜದ ಮೇಲಿಂದ ನನ್ನನ್ನೇ ನೋಡುತ್ತಿತ್ತು. ರಸ್ತೆಯಲ್ಲಿ ಒಂದು ಕಬ್ಬಿನ ಟ್ರ್ಯಾಕ್ಟರ್ ಬಂತು. ಅದು ಹೋಗಲೆಂದು ನಿಂತು, ಆಮೇಲೆ ದಾಟಿ, ಆಚೆ ಓಣಿಯಲ್ಲಿ ಮರೆಯಾದರು. ತಿರುಗಿ ನೋಡಲಿಲ್ಲ.

ಮಗಳು ಎರಡು ಕಪ್ ಚಹಾ ಹಿಡಿದುಕೊಂಡು ಬಂದಳು. ಅಪ್ಪನ ಜಾಗ, ಕೂಸಿನ ಜಾಗ ಎರಡೂ ಖಾಲಿ ಇದ್ದದ್ದನ್ನು ನೋಡಿ ಗಾಬರಿಯಾದಳು. “ಎತಗೊಂಡು ಹೋಗ್ಯಾರವಾ” ಎಂದೆ. “ಯಾರು, ಅಪ್ಪನ?” ಎಂದು ಪಾವಟಿಗೆಯ ಅಂಚಿಗೆ ಓಡಿ, ಬಗ್ಗಿ ನೋಡಿ, ಸೆರಗಿನಿಂದ ಕಣ್ಣೊರೆಸಿಕೊಂಡಳು. ನಿಮ್ಮಿಂದ ಬಹಳ ಉಪಕಾರವಾಯಿತು ಎಂದು ನನಗೆ ಹೇಳಿದಳು. ಏನು ನಡೆಯಿತು ಎಂದು ಆಕೆಗೆ ಗೊತ್ತಿರಲಿಲ್ಲ, ನಾನೂ ಹೇಳಲಿಲ್ಲ.

ಚಹಾ ಕುಡಿದೆ. ಅವರ ಕಪ್ಪಿನ ಮೇಲೆ ಕೆನೆ ಕಟ್ಟಿತು. ಒಂದು ಬಸ್ಸು ಹೋಯಿತು, ಇನ್ನೊಂದು ಹೋಯಿತು. ಆಚೆ ಓಣಿಯ ತುದಿಯಲ್ಲಿ ಒಮ್ಮೆ ಅವರು ಕಾಣಿಸಿದರು, ಕೂಸಿಗೆ ಯಾರದೋ ಎಮ್ಮೆಯ ಕರು ತೋರಿಸುತ್ತಿದ್ದರು. ಕಟ್ಟೆಯ ಕಡೆ ನೋಡಿ, ನಾನು ಇನ್ನೂ ಕುಳಿತದ್ದನ್ನು ಕಂಡು, ಮತ್ತೆ ಓಣಿಯೊಳಗೆ ಹೋದರು. ನಾನು ಎದ್ದು ಹೋಗುವ ತನಕ ಅವರು ಮನೆಗೆ ಬರುವುದಿಲ್ಲ ಎಂದು ಆಗ ತಿಳಿಯಿತು. ಬಿಸಿಲು ಏರಿತ್ತು, ಕೂಸಿನ ತಲೆಗೆ ಟೋಪಿ ಇರಲಿಲ್ಲ. ನಾನು ಎದ್ದೆ.